ಸಿ ವಿಭಾಗದ ಹದಿನಾಲ್ಕು ಹೆಸರು

ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ‘ವಿಶೇಷ ತರಗತಿ’ ಎಂದು ಬರೆದಿದ್ದ ಗಂಟೆಯಲ್ಲಿ ಮಕ್ಕಳು ಹುಲ್ಲು ಕೊಯ್ಯುತ್ತಿದ್ದರು.

ಎಲ್ಲ ಮಕ್ಕಳಲ್ಲ. ಆರನೇ ತರಗತಿಯ ಸಿ ವಿಭಾಗಕ್ಕೆ ಹೊಸದಾಗಿ ಸೇರಿದ ತೋಟದ ಮಕ್ಕಳು ಮಾತ್ರ. ಹದಿನಾಲ್ಕು ಜನ. ಕರಡಿಪಾರೆ ಟೀ ತೋಟದ ಕೂಲಿಯವರ ಲೈನ್ ಮನೆಗಳಿಂದ ಬೆಳಗ್ಗೆ ಐದೂವರೆಗೆ ಹೊರಟು, ಆರು ಕಿಲೋಮೀಟರ್ ಬೆಟ್ಟ ಇಳಿದು ಪಟ್ಟಣದ ಹೈಸ್ಕೂಲಿಗೆ ಬರುತ್ತಿದ್ದರು. ತೋಟದ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಅಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟರು. ಒಬ್ಬರು ಮಳೆ ಬಂದರೆ ಬರುವುದಿಲ್ಲ, ನಮ್ಮ ಬೆಟ್ಟದಲ್ಲಿ ವರ್ಷಕ್ಕೆ ಎಂಟು ತಿಂಗಳು ಮಳೆ. ಇನ್ನೊಬ್ಬರು ಬಂದು ನಿದ್ದೆ ಹೊಡೆಯುತ್ತಾರೆ. ಅಂಥ ಕಡೆ ಐದು ವರ್ಷ ಕೂತು ಎದ್ದ ಮಕ್ಕಳು ಪಟ್ಟಣಕ್ಕೆ ಬಂದು, ಓದಲು ಬರೆಯಲು ಬರುವುದಿಲ್ಲ ಎಂದು ಬೈಸಿಕೊಳ್ಳುತ್ತಾರೆ. ಹಾಗೆ ಬೈಯುವವರು ಆ ಇಬ್ಬರು ಮೇಷ್ಟರನ್ನು ಬೈದದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

ನಾನು ಸೆಲ್ವಮಲರ್. ಅದೇ ಕರಡಿಪಾರೆಯ ಕೆಳಗಿನ ಲೈನಿನವಳು. ಅಮ್ಮ ಎಲೆ ಕಿತ್ತಳು, ಅವಳಮ್ಮ ಎಲೆ ಕಿತ್ತಳು. ನೂರೈವತ್ತು ವರ್ಷದಿಂದ ಲಂಕೆಯ ಈ ಬೆಟ್ಟದಲ್ಲಿ ಎಲೆ ಕೀಳುತ್ತಿದ್ದರೂ ಪಟ್ಟಣದ ತಮಿಳರಿಗೆ ನಾವು ಇವತ್ತಿಗೂ ‘ತೋಟಕಾಟ್ಟಾನ್’, ಅಂದರೆ ತೋಟದ ಕಾಡುಜನ. ನಮ್ಮ ಲೈನಿನಿಂದ ಶಾಲೆಯ ಕೊನೆಯ ಪರೀಕ್ಷೆ, ಎ-ಲೆವೆಲ್, ಪಾಸಾದವಳು ನಾನೊಬ್ಬಳೇ. ಪಾಸಾಗಿ ಬಂದು ಇದೇ ಹೈಸ್ಕೂಲಿನಲ್ಲಿ ಸ್ವಯಂಸೇವಕಿ ಟೀಚರ್ ಆದೆ. ಸ್ವಯಂಸೇವಕಿ ಎಂದರೆ ಸಂಬಳ ಕೊಡದೆ ದುಡಿಸಿಕೊಳ್ಳುವುದಕ್ಕೆ ಇಟ್ಟಿರುವ ಮರ್ಯಾದೆಯ ಹೆಸರು. ಎರಡು ವರ್ಷ ಹಾಗೆ ದುಡಿದು, ಪ್ರಿನ್ಸಿಪಾಲರು ಒಂದು ಶಿಫಾರಸು ಪತ್ರ ಕೊಟ್ಟರೆ ಸರ್ಕಾರಿ ನೇಮಕ ಸಿಗುತ್ತದೆ. ನನ್ನ ಎರಡು ವರ್ಷ ಮುಗಿದು ಐದು ತಿಂಗಳಾಗಿತ್ತು.

ಪ್ರಿನ್ಸಿಪಾಲರ ಹೆಸರು ತಿಲ್ಲೈನಾದನ್. ಬಿಳಿ ಅಂಗಿ, ಬಿಳಿ ಪ್ಯಾಂಟು, ಹಣೆಗೆ ವಿಭೂತಿ. ಮಾತು ಬಲು ಮೆತ್ತಗೆ.

ಆರನೇ ತರಗತಿಗೆ ಬಂದೂ ಓದಲು, ಲೆಕ್ಕ ಮಾಡಲು ಬಾರದ ಮಕ್ಕಳಿಗೆ ಒಂದು ವರ್ಷ, ದಿನಕ್ಕೊಂದು ಗಂಟೆ ಬೇರೆ ಪಾಠ ಮಾಡಬೇಕೆಂದು ಶಿಕ್ಷಣ ಇಲಾಖೆಯ ವಲಯ ಕಚೇರಿಯಿಂದ ಆದೇಶ ಬಂದಾಗ ಅವರು ನನ್ನನ್ನು ಕರೆದು ಹೇಳಿದರು: “ನಿಮ್ಮೋರೇ ಅಲ್ವೇನಮ್ಮ, ನೀನೇ ನೋಡ್ಕೋ.”

ನೋಡಿಕೊಂಡೆ. ಮೊದಲ ದಿನ ತವಮಣಿ ಎಂಬ ಹುಡುಗಿಗೆ ಪುಸ್ತಕ ಕೊಟ್ಟು ಓದು ಅಂದೆ. ಹನ್ನೊಂದು ವರ್ಷ. ತೆಳ್ಳಗೆ, ಮೊಣಕಾಲಿನ ತುಂಬ ಜಿಗಣೆ ಕಚ್ಚಿದ ಕಲೆ. ಆನೆಯ ಪಾಠವನ್ನು ಗಡಗಡನೆ ಓದಿದಳು. ಬೆರಳು ಸಾಲಿನ ಮೇಲೆ ಓಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಬೆರಳು ಪಕ್ಕದ ಪುಟದ ಮೇಲಿತ್ತು. ಪಾಠ ಪೂರ್ತಿ ಬಾಯಿಪಾಠ. ನಡುವಿನ ಒಂದು ಪದ ತೋರಿಸಿ ಇದೇನು ಅಂದೆ.

“ಅಲ್ಲಿಂದ ಬರಕ್ಕಿಲ್ಲ ಟೀಚರ್. ಮ್ಯಾಲಿಂದ ಹೇಳ್ಕಂಡು ಬರ್ಬೇಕು.”

ಮುನಿಯಾಂಡಿ ಎಂಬ ಹುಡುಗ ಮುನ್ನೂರೈದು ಬರೆ ಅಂದರೆ ಮೂರು, ಎರಡು ಸೊನ್ನೆ, ಅದರ ಮುಂದೆ ಇನ್ನೊಂದು ಸೊನ್ನೆ, ಕೊನೆಗೆ ಐದು ಬರೆದ. ಮುನ್ನೂರು ಬರೆದು ಪಕ್ಕಕ್ಕೆ ಐದು ಇಡುವುದು ಎಷ್ಟೋ ಮಕ್ಕಳು ಮಾಡುವ ತಪ್ಪು, ಇವನು ಇನ್ನೊಂದು ಸೊನ್ನೆಯನ್ನೂ ಸೇರಿಸಿದ್ದ. ಕೇಳಿದರೆ “ಮರ್ಯಾದೆಗೆ ಇರ್ಲಿ ಅಂತ” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದೇ ಹುಡುಗ ಹದಿನೆಂಟು ಕಿಲೋ ಎಲೆಯಲ್ಲಿ ಎರಡೂವರೆ ಹೋದರೆ ಎಷ್ಟು ಅಂತ ಕೇಳಿದರೆ ಉಗುರು ಕಚ್ಚುತ್ತಲೇ ಉತ್ತರ ಹೇಳುತ್ತಿದ್ದ. ಇವರ ತಲೆಯಲ್ಲಿ ಲೆಕ್ಕ ಇತ್ತು. ಅದನ್ನು ಕಾಗದದ ಮೇಲೆ ಇಳಿಸುವುದನ್ನು ಯಾರೂ ತೋರಿಸಿರಲಿಲ್ಲ, ಅಷ್ಟೆ. ಟೀ ಗಿಡದ ಕಡ್ಡಿಗಳನ್ನು ಹತ್ತು ಹತ್ತರಂತೆ ಕಟ್ಟು ಕಟ್ಟಿ, ಹತ್ತು ಕಟ್ಟನ್ನು ಸೇರಿಸಿ ಹೊರೆ ಮಾಡಿ, ನೂರು, ಹತ್ತು, ಬಿಡಿ ಅಂತ ಶುರುಮಾಡಿದೆ. ಎರಡು ವಾರ ಚೆನ್ನಾಗಿ ನಡೆಯಿತು.

ಮೂರನೇ ವಾರ ಪ್ಯೂನ್ ಹದಿನಾಲ್ಕು ಕುಡುಗೋಲು ತಂದು ಬಾಗಿಲ ಬಳಿ ಸುರಿದ. ಕ್ರೀಡಾಕೂಟ ಹತ್ತಿರ ಬಂತು, ಮೈದಾನದ ಹುಲ್ಲು ಕೊಯ್ಯಬೇಕಂತೆ. ಕ್ರೀಡಾಕೂಟ ಮುಗಿಯಿತು. ಆಮೇಲೆ ಚರಂಡಿ. ಚರಂಡಿ ಆದ ಮೇಲೆ ನೀರಿನ ತೊಟ್ಟಿ. ತೊಟ್ಟಿ ಆದ ಮೇಲೆ ಕಕ್ಕಸು. ಎ ವಿಭಾಗದ ಪಟ್ಟಣದ ಮಕ್ಕಳು ಮೂಗು ಮುಚ್ಚಿಕೊಂಡು ಕಾಯುತ್ತಾ ನಿಲ್ಲುತ್ತಿದ್ದರು. ಒಳಗೆ ನಮ್ಮ ಹುಡುಗಿಯರು ತೆಂಗಿನ ಪೊರಕೆಯಿಂದ ಉಜ್ಜುತ್ತಿದ್ದರು. ಪೊರಕೆಯ ತುದಿಯಿಂದ ಹಾರಿದ ನೀರು ಬಾಯಿಗೆ ಬೀಳುತ್ತಿತ್ತು. ಅಂಗೈ ಒಡೆದು, ಆಮೇಲೆ ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ.

ನಾನು ಒಂದು ದಿನ ಆಫೀಸಿಗೆ ಹೋಗಿ ಕೇಳಿದೆ. “ಸರ್, ಅದು ಪಾಠದ ಗಂಟೆ.”

ತಿಲ್ಲೈನಾದನ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮ, ತೋಟದ ಮಕ್ಕಳಿಗೆ ಕೈ ಓಡತ್ತೆ. ತಲೆ ಓಡಲ್ಲ. ಓಡೋದನ್ನ ಓಡಿಸ್ಬೇಕು. ಎಂಟನೇ ತರಗತಿ ಆದ್ಮೇಲೆ ಬುಟ್ಟಿ ಹೊರೋರಿಗೆ ಬೆನ್ನು ಬಗ್ಸೋದು ಈಗ್ಲೇ ಅಭ್ಯಾಸ ಆದ್ರೆ ಒಳ್ಳೇದಲ್ವಾ?”

“ನಾನೂ ತೋಟದೋಳೇ ಸರ್.”

“ಅದಕ್ಕೇ ಹೇಳ್ತಿರೋದು. ನಿನಗೆ ಅರ್ಥ ಆಗ್ಬೇಕು.” ಎಂದು ಮೇಜಿನ ಖಾನೆಯನ್ನು ಸ್ವಲ್ಪ ಎಳೆದು, ಅಲ್ಲಿದ್ದ ನನ್ನ ಕಡತ ತೋರಿಸಿ, ಮತ್ತೆ ಒಳಗೆ ತಳ್ಳಿದರು.

ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಇದನ್ನು ಮುಚ್ಚಿಟ್ಟು ಕಥೆ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಆ ಪತ್ರ ಬೇಕಾಗಿತ್ತು ನನಗೆ.

ಬಾಯಿ ಮುಚ್ಚಿಕೊಂಡೇ ಕೈಲಾದದ್ದು ಮಾಡಿದೆ. ಹುಲ್ಲು ಕೊಯ್ಯುವಾಗ ಅವರ ಜೊತೆ ಕೂತು ಕೆಸರಿನಲ್ಲಿ ಕುಡುಗೋಲಿನ ತುದಿಯಿಂದ ಅಕ್ಷರ ಬರೆದೆ. ಹುಲ್ಲಿನ ಗುಡ್ಡೆಗಳನ್ನು ಕೂಡಿಸಿ ಕಳೆದೆವು. ಊಟದ ಬಿಡುವಿನಲ್ಲಿ, ರೊಟ್ಟಿ ಬಾಯಲ್ಲಿಟ್ಟುಕೊಂಡೇ ಓದಿಸಿದೆ. ಹೊಸ ಪದ, ಬಾಯಿಪಾಠವಾಗದ ಪದ. ಔಷಧಿ ಡಬ್ಬಿ, ಬಸ್ಸಿನ ಟಿಕೆಟು, ಸೋಪಿನ ಹಾಳೆ, ಏನು ಸಿಕ್ಕಿದರೆ ಅದು. ಏಳು ತಿಂಗಳಲ್ಲಿ ಅರ್ಧದಷ್ಟು ಮಕ್ಕಳು ದಾರಿಗೆ ಬಂದರು. ತವಮಣಿ ಒಂದೊಂದೇ ಅಕ್ಷರ ಹಿಡಿದು, ತಡೆದು, ಮತ್ತೆ ಹಿಂದಕ್ಕೆ ಹೋಗಿ, ಪದ ಪೂರ್ತಿ ಮಾಡಿದ ಮೇಲೆ ನನ್ನ ಮುಖ ನೋಡುತ್ತಿದ್ದಳು. ನಿಧಾನ ಬಹಳ. ಆದರೆ ಅದು ನಿಜವಾದ ಓದು. ವರ್ಷದಲ್ಲಿ ಉಳಿದ ತಿಂಗಳುಗಳಲ್ಲಾದರೂ ದಿನಕ್ಕೊಂದು ಗಂಟೆ ಸಿಕ್ಕಿದರೆ ಹದಿನಾಲ್ಕೂ ಮಕ್ಕಳು ಬೇರೆಯವರ ಸಮಕ್ಕೆ ಬರುತ್ತಾರೆ ಅಂತ ನನಗೆ ಖಾತ್ರಿಯಾಗಿತ್ತು.

ಆಗಲೇ ತಪಾಸಣೆಯ ಸುದ್ದಿ ಬಂತು. ನಮ್ಮ ಶಾಲೆಯನ್ನು ಮೇಲಿನ ದರ್ಜೆಗೆ ಏರಿಸುವ ಮಾತು ನಡೆದಿತ್ತು. ಆರನೇ ತರಗತಿಗೆ ಬಂದ ಎಲ್ಲ ಮಕ್ಕಳಿಗೂ ಓದು ಲೆಕ್ಕ ಬರಬೇಕು ಎನ್ನುವುದು ಅದಕ್ಕೊಂದು ನಿಯಮ. ವಲಯ ಕಚೇರಿಯಿಂದ ಮೇಡಂ ಒಬ್ಬರು ಬಂದು ಪಟ್ಟಿ ಹಿಡಿದು, ಹೆಸರು ಕೂಗಿ, ಒಬ್ಬೊಬ್ಬರನ್ನೇ ಓದಿಸಿ ನೋಡುತ್ತಾರೆ.

ಪ್ರಿನ್ಸಿಪಾಲರು ನನ್ನನ್ನು ಕರೆದು ಕೂರಿಸಿದರು. ಆ ಆಫೀಸಿನಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

“ಎ ವಿಭಾಗದಿಂದ ಹದಿನಾಲ್ಕು ಜನ ಒಳ್ಳೆ ಮಕ್ಕಳನ್ನ ಸಿ ವಿಭಾಗದ ಕೋಣೇಲಿ ಕೂರಿಸ್ತೀವಿ. ನಿನ್ನ ಮಕ್ಕಳ ಹೆಸರು ಕೂಗಿದ್ರೆ ಇವರು ಎದ್ದು ಓದ್ತಾರೆ. ನೀನು ನಿನ್ನೋರನ್ನ ಕಟ್ಟಡದ ಹಿಂದೆ ಕರ್ಕೊಂಡು ಹೋಗಿ ಹುಲ್ಲು ಕೊಯ್ಸು. ಮುಗಿದ್ಮೇಲೆ, ಎಲ್ರೂ ಕಲಿತಿದಾರೆ ಅಂತ ಒಂದು ಸೈನ್ ಹಾಕು. ನಿನ್ನ ಪತ್ರಕ್ಕೆ ನಾನೂ ಅವತ್ತೇ ಸೈನ್ ಹಾಕ್ತೀನಿ.”

“ಆಮೇಲೆ ತರಗತಿ, ಸರ್?”

“ಯಾವ ತರಗತಿ? ಎಲ್ರಿಗೂ ಓದಕ್ಕೆ ಬಂತು ಅಂದ್ಮೇಲೆ ತರಗತಿ ಯಾಕೆ?”

ಅದರರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಆ ಒಂದು ಗಂಟೆ ಹೋದರೆ ಇವರು ಸಿ ವಿಭಾಗದ ಹಿಂದಿನ ಬೆಂಚಿಗೆ ಹೋಗಿ ಬೀಳುತ್ತಾರೆ. ಅಲ್ಲಿ ಯಾರೂ ಅವರ ಕಡೆ ತಿರುಗುವುದಿಲ್ಲ. ಎಂಟನೇ ತರಗತಿಯ ಹೊತ್ತಿಗೆ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸುತ್ತಾರೆ, ಆಮೇಲೆ ತಲೆಗೆ ಹಗ್ಗ, ಬೆನ್ನಿಗೆ ಬುಟ್ಟಿ. ನನ್ನ ಜೊತೆ ತೋಟದಿಂದ ಇಳಿದ ಹತ್ತೊಂಬತ್ತು ಜನರಲ್ಲಿ ಹತ್ತನೇ ತರಗತಿ ಕಂಡವರು ನಾಲ್ಕು ಜನ. ಉಳಿದವರು ಈಗಲೂ ಅದೇ ಬೆಟ್ಟದಲ್ಲಿ ಎಲೆ ಕೀಳುತ್ತಿದ್ದಾರೆ, ಬೇಕಾದರೆ ಹೋಗಿ ನೋಡಬಹುದು.

ಎಲ್ಲ ಗೊತ್ತಿದ್ದೂ ನಾನು ಹೂಂ ಅಂದೆ.

ತಪಾಸಣೆಯ ದಿನ ಹದಿನಾಲ್ಕು ಜನರನ್ನು ಕಟ್ಟಡದ ಹಿಂದೆ ಕರೆದುಕೊಂಡು ಹೋದೆ. ಅಲ್ಲಿ ಹುಲ್ಲು ಮಂಡಿಯೆತ್ತರ ಬೆಳೆದಿತ್ತು. ಸಿ ವಿಭಾಗದ ಕಿಟಕಿಗಳು ನಮ್ಮ ತಲೆಯ ಮೇಲೇ ಇದ್ದವು. ಗಲಾಟೆ ಮಾಡಬಾರದು, ಮುಂದಿನ ಅಂಗಳಕ್ಕೆ ಯಾರೂ ಬರಬಾರದು ಅಂತ ಹೇಳಿದೆ.

“ಯಾಕ್ ಟೀಚರ್? ಓದ್ಸಕ್ಕೆ ದೊಡ್ ಮೇಡಂ ಬತ್ತಾರೆ ಅಂದ್ರಿ. ನಮಗೀಗ ಓದಕ್ ಬತ್ತದಲ್ಲ,” ಅಂದಳು ತವಮಣಿ. ಅವತ್ತು ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದಿದ್ದಳು.

“ಬಾಯ್ಮುಚ್ಕೊಂಡು ಕೊಯ್ಯೆ,” ಅಂದೆ.

ಮೇಡಂ ದನಿ ದೊಡ್ಡದು. ಕಿಟಕಿಯಿಂದ ಪ್ರತಿ ಮಾತೂ ಕೇಳುತ್ತಿತ್ತು. ಮೊದಲ ಹೆಸರು ಕೂಗಿದರು. “ಆರುಮುಗಂ ಮುನಿಯಾಂಡಿ.”

“ಪ್ರೆಸೆಂಟ್ ಮೇಡಂ,” ಎಂದು ಒಳಗಿನಿಂದ ಯಾರೋ ಅಂದರು. ಬಳಿಕ ನೀರು ಹರಿದ ಹಾಗೆ ಓದು ಕೇಳಿಸಿತು. ಮುನಿಯಾಂಡಿಯ ಕುಡುಗೋಲು ನಿಂತಿತು. ಅವನು ಕಿಟಕಿ ನೋಡಿದ, ನನ್ನನ್ನು ನೋಡಿದ. ನಾನು ಹುಲ್ಲು ನೋಡಿದೆ.

ಎರಡನೇ ಹೆಸರು, ಮೂರನೇ ಹೆಸರು. ಒಂದೊಂದು ಹೆಸರಿಗೂ ನಮ್ಮಲ್ಲಿ ಒಂದೊಂದು ತಲೆ ಮೇಲೆದ್ದು ಮತ್ತೆ ಬಗ್ಗುತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

“ವೇಲುಚ್ಚಾಮಿ ತವಮಣಿ.”

ತೋಟದಲ್ಲಿ ದಿನಾ ಬೆಳಗ್ಗೆ ಆರಕ್ಕೆ ಪೆರಟ್ಟು ನಡೆಯುತ್ತದೆ. ಕೆಲಸಕ್ಕೆ ಬಂದವರ ಹೆಸರು ಕೂಗುವುದು. ಕೂಲಿಯವರ ಮೇಸ್ತ್ರಿ ಕಂಗಾಣಿ ಒಂದು ಹೆಸರನ್ನು ಒಂದೇ ಸಲ ಕೂಗುತ್ತಾನೆ. ಹೆಸರಿನವರು ಅವನ ಕಣ್ಣೆದುರು ನಿಂತು “ಇದ್ದೀನಯ್ಯಾ” ಅನ್ನಬೇಕು. ತಡವಾದರೆ ಆ ದಿನದ ಕೂಲಿ ಹೋಯಿತು, ಮನೆಗೆ ವಾಪಸ್. ಒಬ್ಬರ ಬದಲು ಇನ್ನೊಬ್ಬರು ಕೂಗಿದರೆ ಇಬ್ಬರೂ ವಾಪಸ್. ನಮ್ಮ ಮಕ್ಕಳು ಅಮ್ಮನ ಸೊಂಟದಲ್ಲಿದ್ದಾಗಿನಿಂದ ಇದನ್ನು ಕೇಳಿ ಬೆಳೆಯುತ್ತಾರೆ. ಶಾಲೆಗೆ ರಜೆ ಬಿಟ್ಟಾಗ ಕಳೆ ಕೀಳುವ ಗುಂಪಿನಲ್ಲಿ ನಿಂತು ತಾವೂ ಕೂಗುತ್ತಾರೆ. ಹಿಂದಿನ ರಜೆಯಲ್ಲಿ ಒಂದು ದಿನ ತವಮಣಿ ಆಕಳಿಸುತ್ತಾ ಹೆಸರು ತಪ್ಪಿಸಿಕೊಂಡಿದ್ದಳು. ಅವಳಮ್ಮ ಅಂಜಲೆ ಎಲ್ಲರೆದುರೇ ಕೆನ್ನೆಗೆ ಬಾರಿಸಿದ್ದಳು.

ಹೆಸರು ಕಿವಿಗೆ ಬಿದ್ದದ್ದೇ ಹುಡುಗಿ ಎದ್ದು ಓಡಿದಳು. ಹಟದಿಂದಲ್ಲ, ಧೈರ್ಯದಿಂದಲೂ ಅಲ್ಲ. ಹೆಸರು ಕೂಗಿದರು, ಓಡಿದಳು. ನಾನು ಕೈ ಚಾಚಿದೆ, ಜಡೆ ಕೂಡ ಸಿಗಲಿಲ್ಲ. ಕಟ್ಟಡ ಸುತ್ತಿ, ಮೆಟ್ಟಿಲು ಹತ್ತಿ, ಕೆಸರುಗಾಲಲ್ಲಿ, ಕೈಯಲ್ಲಿ ಕುಡುಗೋಲು ಹಿಡಿದೇ ಸಿ ವಿಭಾಗದ ಬಾಗಿಲಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದಳು:

“ಇದ್ದೀನಯ್ಯಾ.”

ನಾನು ಹಿಂದೆಯೇ ಓಡಿ ಬಂದೆ. ಕೋಣೆಯೊಳಗೆ ಮಕ್ಕಳು ನಗುತ್ತಿದ್ದರು. ಚಿನ್ನದ ಅಂಗಡಿಯವರ ಮಗಳು ತಾರಣಿ, ತವಮಣಿಯ ಬದಲು ಓದಬೇಕಾದವಳು, ಪುಸ್ತಕ ಹಿಡಿದು ಎದ್ದು ನಿಂತಿದ್ದಳು. ಮೇಡಂ ಅವಳನ್ನು ನೋಡಿದರು, ಬಾಗಿಲು ನೋಡಿದರು, ಪಟ್ಟಿ ನೋಡಿದರು.

“ಯಾರು ಈ ಹುಡುಗಿ?”

“ಕೆಲಸದೋಳು ಮೇಡಂ,” ಅಂದರು ತಿಲ್ಲೈನಾದನ್ ಸರ್, ಅದೇ ಮೆತ್ತನೆಯ ದನಿಯಲ್ಲಿ. “ಹುಲ್ಲು ಕೊಯ್ಯಕ್ಕೆ ಬಂದಿರೋ ತೋಟದ ಹುಡುಗಿ. ತಲೆ ಸ್ವಲ್ಪ ಸರಿಯಿಲ್ಲ.”

“ಯೂನಿಫಾರಂ ಹಾಕ್ಕೊಂಡಿದಾಳೆ?”

“ಹಳೇದು. ನಾವೇ ಪಾಪ ಅಂತ ಕೊಟ್ಟಿದ್ದು.”

ತವಮಣಿಗೆ ಏನಾಗುತ್ತಿದೆ ಎಂದು ಅಷ್ಟು ಹೊತ್ತು ತಿಳಿದಿರಲಿಲ್ಲ. ಆಗ ತಿಳಿಯಿತು. ಅವಳು ತಾರಣಿಯ ಕಡೆ ನೋಡಿದಳು. ಪ್ರಿನ್ಸಿಪಾಲರ ಕಡೆ ನೋಡಿದಳು. ಕುಡುಗೋಲನ್ನು ನೆಲಕ್ಕೆ ಹಾಕಿದಳು.

“ನಾನು ಕೆಲಸದೋಳಲ್ಲ. ನಾನು ತವಮಣಿ. ಆರನೇ ತರಗತಿ, ಸಿ. ಅವಳು ತಾರಣಿ.”

“ಹೊರಗೆ ನಡಿ,” ಅಂದರು ಸರ್.

“ನನ್ ಹೆಸ್ರು ಕೂಗವ್ರೆ ಸರ್. ನಾನೇ ಓದ್ಬೇಕು.”

ಮೇಡಂ ನನ್ನ ಕಡೆ ತಿರುಗಿದರು. “ಟೀಚರ್, ನೀವೇ ಹೇಳಿ. ಯಾರಿವಳು?”

ಪ್ರಿನ್ಸಿಪಾಲರು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಆ ಖಾನೆ ನೆನಪಾಯಿತು. ಅಮ್ಮನ ಬೆನ್ನು ನೆನಪಾಯಿತು. ಇಷ್ಟು ತಿಂಗಳು ನುಂಗಿಕೊಂಡದ್ದು ಒಂದು ಉಸಿರಿನಲ್ಲಿ ಹೊರಗೆ ಬಂತು. “ತವಮಣಿ ಇವಳೇ ಮೇಡಂ. ಇಲ್ಲಿ ಓದಿದ ಮಕ್ಕಳು ಯಾರೂ ಸಿ ವಿಭಾಗದೋರಲ್ಲ. ಉಳಿದ ಹದಿಮೂರು ಜನ ಕಟ್ಟಡದ ಹಿಂದೆ ಹುಲ್ಲು ಕೊಯ್ತಿದಾರೆ. ಬಂದ್ ನೋಡಿ.”

ಮೇಡಂ ಬಂದು ನೋಡಲಿಲ್ಲ. ಪಟ್ಟಿ ಮಡಚಿದರು. “ಇದು ನಿಮ್ಮ ಶಾಲೆಯ ಒಳಗಿನ ವಿಷಯ. ಸರಿಮಾಡ್ಕೊಂಡು ತಿಳಿಸಿ, ಮುಂದಿನ ತಿಂಗಳು ಬರ್ತೀನಿ.” ಆಫೀಸಿಗೆ ಹೋಗಿ ಕೂತರು. ಕಟ್ಲೆಟ್ಟು, ಕೇಕು, ಹಾಲು ಹಾಕಿದ ಟೀ ಒಳಗೆ ಹೋದದ್ದನ್ನು ನಾನೇ ನೋಡಿದೆ. ಅದು ಕರಡಿಪಾರೆಯ ಟೀ ಇರಬಹುದು, ಯಾರು ಕಂಡರು.

ಮೇಡಂ ಬಂದಿದ್ದ ವ್ಯಾನು ಹೊರಟ ಮೇಲೆ ಹದಿನಾಲ್ಕು ಮಕ್ಕಳನ್ನೂ ಅಂಗಳದ ಜಲ್ಲಿಯ ಮೇಲೆ ಮಂಡಿಯೂರಿಸಿದರು. ಹನ್ನೊಂದು ಗಂಟೆಯಿಂದ ಶಾಲೆ ಬಿಡುವವರೆಗೆ. ಸೋನೆ ಮಳೆ ಹಿಡಿದಿತ್ತು. ಎ ವಿಭಾಗದವರು ಜಗಲಿಯಲ್ಲಿ ನಿಂತು ‘ಇದ್ದೀನಯ್ಯಾ, ಇದ್ದೀನಯ್ಯಾ’ ಎಂದು ಕೂಗಿ ಕುಣಿದರು. ಒಬ್ಬ ಹುಡುಗಿಗೆ ಉಚ್ಚೆ ತಡೆಯಲಾಗದೆ ಅಲ್ಲೇ ಆಯಿತು. ನಾನು ಎಬ್ಬಿಸಲು ಹೋದರೆ ಪ್ಯೂನ್ ತೋಳು ಹಿಡಿದು ತಡೆದ. ಎದ್ದು ನಿಂತಾಗ ತವಮಣಿಯ ಮಂಡಿಯೊಳಗೆ ಜಲ್ಲಿ ಕಚ್ಚಿಕೊಂಡಿತ್ತು. ಅವಳು ಅದನ್ನು ಉಗುರಿನಿಂದ ಕಿತ್ತು ಬಿಸಾಡಿದಳು. ಅಳಲಿಲ್ಲ. ನಾನು ಅತ್ತೆ.

ನನ್ನ ಶಿಫಾರಸು ಪತ್ರವನ್ನು ಪ್ರಿನ್ಸಿಪಾಲರು ನನ್ನೆದುರೇ ನಾಲ್ಕು ಚೂರು ಮಾಡಿದರು. “ನಾಳೆಯಿಂದ ಗೇಟಿನೊಳಗೆ ಕಾಲಿಡ್ಬೇಡ,” ಅಂದರು. ಮಕ್ಕಳಿಗೆ ಹೇಳಿದರು: “ನಾಳೆ ನಿಮ್ಮ ತಾಯಂದಿರು ಬರ್ಬೇಕು. ಎಲ್ರೂ.”

ಬಂದರು. ಹದಿನಾಲ್ಕು ಹೆಂಗಸರು, ಒಂದು ದಿನದ ಕೂಲಿ ಬಿಟ್ಟು. ಸೊಂಟಕ್ಕೆ ಕಟ್ಟುವ ಗೋಣಿಪಟ್ಟಿಯನ್ನು ಕೂಡ ಬಿಚ್ಚಿರಲಿಲ್ಲ. ಪೆರಟ್ಟಿಗೆ ಹೋಗಿ, ಕಂಗಾಣಿಯ ಹತ್ತಿರ ಬೈಸಿಕೊಂಡು, ಹಾಗೇ ಇಳಿದು ಬಂದಿದ್ದರು. ನಾನು ಗೇಟಿನ ಹೊರಗೆ ಸರಳು ಹಿಡಿದು ನಿಂತಿದ್ದೆ. ಆಫೀಸಿನ ಜಗಲಿ ಗೇಟಿಗೆ ಹತ್ತು ಮಾರು ದೂರ, ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಜಗಲಿಯಲ್ಲಿ ಬೆಂಚು ಇತ್ತು. ಯಾರೂ ಕೂರಲಿಲ್ಲ, ಅವರಿಗೆ ಕೂರಿ ಎಂದು ಯಾರೂ ಹೇಳಲೂ ಇಲ್ಲ. ಮಕ್ಕಳು ತಾಯಂದಿರ ಪಕ್ಕ ತಲೆ ತಗ್ಗಿಸಿ ನಿಂತಿದ್ದರು.

ತಿಲ್ಲೈನಾದನ್ ಸರ್ ಒಂದು ಕಾಗದ, ಒಂದು ಮಸಿ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು.

“ಹೆದರ್ಬೇಡಿ ಅಮ್ಮಂದಿರಾ. ಮಕ್ಕಳು ಸ್ವಲ್ಪ ತಪ್ಪು ಮಾಡಿದ್ರು, ಕ್ಷಮಿಸಿದೀವಿ. ಇನ್ಮೇಲೆ ನಿಗಾ ಇಟ್ಟು ನೋಡ್ಕೋತೀವಿ ಅಂತ ಒಂದು ಕಾಗದ. ಹೆಬ್ಬೆಟ್ಟು ಒತ್ತಿ, ಬೇಗ ಮನೆಗೆ ಹೋಗಿ.”

ತೋಟದಲ್ಲಿ ಹೆಬ್ಬೆಟ್ಟು ಒತ್ತುವುದಕ್ಕೆ ನಮ್ಮವರು ಎಂದೂ ತಡ ಮಾಡಿದವರಲ್ಲ. ಒತ್ತು ಅಂದಲ್ಲಿ ಒತ್ತುತ್ತಾರೆ. ಮೂವರು ಬಂದು ಒತ್ತಿದರು. ನಾನು ಗೇಟಿನಿಂದ ಕೂಗಿದೆ, “ಒತ್ಬೇಡಿ, ಏನು ಬರೆದಿದೆ ಕೇಳಿ.” ಪ್ಯೂನ್ ಬಂದು ಸರಳಿನ ಮೇಲೆ ಕೋಲಿನಿಂದ ಬಡಿದ. ನನ್ನ ಬೆರಳಿಗೂ ಬಿತ್ತು. ಆ ಸದ್ದಿನಲ್ಲಿ ನನ್ನ ಮಾತು ಅವರಿಗೆ ಕೇಳಿಸಲಿಲ್ಲ.

ನಾಲ್ಕನೆಯವಳು ತವಮಣಿಯ ಅಮ್ಮ ಅಂಜಲೆ. ಗಟ್ಟಿ ಹೆಂಗಸು. ಮುಂದೆ ಬಂದು ಹೆಬ್ಬೆಟ್ಟನ್ನು ಮಸಿಯಲ್ಲಿ ಒತ್ತಿದಳು. ಕೈ ಕಾಗದದ ಮೇಲೆ ಹೋಗುವಷ್ಟರಲ್ಲಿ ಪಕ್ಕದಲ್ಲಿದ್ದ ತವಮಣಿ ಆ ಕಾಗದದ ಮೇಲೆ ಬೆರಳಿಟ್ಟಳು.

“ನಮ್ಮ,” ಅಂದಳು. “ಮಕ್ಕ... ಮಕ್ಕಳಿಗೆ.”

“ಏಯ್, ಕೈ ತೆಗಿ,” ಅಂದರು ಸರ್.

ಅವಳು ತೆಗೆಯಲಿಲ್ಲ. ಬೆರಳು ನಡೆಯಿತು. “ಓ. ದು. ಓದು.” ತಡೆದಳು. ಹಿಂದಕ್ಕೆ ಬಂದಳು. “ನಮ್ಮ ಮಕ್ಕಳಿಗೆ ಓದು ಹ... ಹತ್ತು... ಹತ್ತುವುದಿಲ್ಲ.”

ಸರ್ ಕಾಗದ ಎಳೆದರು. ಹುಡುಗಿ ಇನ್ನೊಂದು ಅಂಚು ಬಿಗಿಯಾಗಿ ಹಿಡಿದಿದ್ದಳು. “ಇನ್ನೂ ಮುಗಿದಿಲ್ಲ ಸರ್,” ಅಂದಳು. ಹದಿನಾಲ್ಕು ಹೆಂಗಸರ ಎದುರು ಕಿತ್ತುಕೊಳ್ಳುವುದು ಅವರಿಗೆ ಸರಿ ಕಾಣಲಿಲ್ಲವೋ ಏನೋ, ಕೈ ಸಡಿಲ ಬಿಟ್ಟರು. ಆ ಒಂದು ಸಾಲು ಓದಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಅಂದರೆ, ಕೆಳಗಿನ ರಸ್ತೆಯಲ್ಲಿ ಹ್ಯಾಟನ್ ಊರಿಗೆ ಹೋಗುವ ಬಸ್ಸು ಬಂದು, ನಿಂತು, ಜನ ಹತ್ತಿಸಿಕೊಂಡು ಹೋಯಿತು. ಅಕ್ಷರ ಅಕ್ಷರವಾಗಿ ಹೊರಗೆ ಬಂತು: ನಮ್ಮ ಮಕ್ಕಳಿಗೆ ಓದು ಹತ್ತುವುದಿಲ್ಲವಾದ್ದರಿಂದ, ನಮ್ಮ ಸ್ವಂತ ಇಷ್ಟದಿಂದ, ಈ ಶಾಲೆ ಬಿಡಿಸಿ ಕರೆದುಕೊಂಡು ಹೋಗುತ್ತಿದ್ದೇವೆ.

ಅಂಜಲೆಯ ಹೆಬ್ಬೆಟ್ಟು ಇನ್ನೂ ಮೇಲೆಯೇ ಇತ್ತು, ಕಪ್ಪಗೆ.

“ಇನ್ನೊಂದ್ ಸಲ ಓದವ್ವ,” ಅಂದಳು ಮಗಳಿಗೆ.

ತವಮಣಿ ಇನ್ನೊಂದು ಸಲ ಓದಿದಳು. ಈ ಸಲ ಎರಡೇ ಕಡೆ ತಡೆದಳು.

ಅಂಜಲೆ ಪ್ರಿನ್ಸಿಪಾಲರ ಮುಖ ನೋಡಿದಳು. ತೋಟದ ಹೆಂಗಸರು ಪ್ಯಾಂಟು ಹಾಕಿದವರ ಮುಖ ನೋಡಿ ಮಾತಾಡುವುದಿಲ್ಲ. ಇವಳು ನೋಡಿದಳು. “ಏನಯ್ಯಾ, ನನ್ ಮಗಳಿಗೆ ಓದಕ್ ಬರಕ್ಕಿಲ್ಲ ಅಂತ ನನ್ ಕೈಲೇ ಒತ್ತಿಸ್ಕಂತಿದ್ಯಾ? ಅದ್ನ ಓದಿದ್ಯಾರು ಈಗ? ನಿಮ್ಮಪ್ಪನಾ?”

“ಮರ್ಯಾದೆ ಕೊಟ್ಟು ಮಾತಾಡು.”

“ನೀ ಕಕ್ಕಸು ತೊಳೆಸ್ದೆ, ಸುಮ್ಕಿದ್ವಿ. ಕಲ್ಲಿನ್ ಮ್ಯಾಲೆ ಮಂಡಿಯೂರ್ಸಿದೆ, ನಿನ್ನೆ ರಾತ್ರಿ ಅರಿಶಿಣ ಹಚ್ಚಿ ಸುಮ್ಕಿದ್ವಿ. ಈಗ ಸುಳ್ಳನ್ನೂ ನಮ್ ಕೈಲೇ ಹೇಳಿಸ್ತೀಯಾ? ಒತ್ತಾಕಿಲ್ಲ ಹೋಗು.” ಹೆಬ್ಬೆಟ್ಟನ್ನು ಸೊಂಟದ ಗೋಣಿಪಟ್ಟಿಗೆ ಉಜ್ಜಿದಳು. ಚರ್ಮ ಕೆಂಪಾಗುವವರೆಗೆ ಉಜ್ಜಿದಳು.

ಮೊದಲೇ ಒತ್ತಿದ್ದ ಮೂವರಲ್ಲಿ ಮುನಿಯಾಂಡಿಯ ಅಮ್ಮನೂ ಒಬ್ಬಳು. ಅವಳು ಹಿಂದಿನಿಂದ ನುಗ್ಗಿ ಬಂದು ಮೇಜಿನ ಮೇಲಿನ ಕಾಗದವನ್ನು ಎತ್ತಿಕೊಂಡು, ಮಡಚಿ, ರವಿಕೆಯೊಳಗೆ ಹಾಕಿಕೊಂಡಳು.

“ಕೊಡಮ್ಮ ಅದನ್ನ. ಅದು ಆಫೀಸಿನ ಕಾಗದ.”

“ಅದ್ರ ಮ್ಯಾಲಿರೋದು ನನ್ ಬೆರಳು. ಬೇಕಾರೆ ಕೈ ಹಾಕಿ ತಗಾ.”

ಸರ್ ಎರಡು ಹೆಜ್ಜೆ ಹಿಂದೆ ಸರಿದರು. ಹೆಂಗಸರು ನಗಲಿಲ್ಲ. ಸರ್ ಅವರ ಮೆತ್ತನೆಯ ದನಿ ಹೋಗಿಬಿಟ್ಟಿತ್ತು. “ಇಷ್ಟಾದ್ಮೇಲೆ ಇಲ್ಲಿ ಜಾಗ ಇಲ್ಲ. ತರಗತಿ ಮುಚ್ಚಿದೀವಿ. ಕೋಣೆಗೆ ಬೀಗ ಹಾಕಿದೆ. ಟೀಚರೂ ಇಲ್ಲ. ನಡೀರಿ, ನಡೀರಿ ಎಲ್ರೂ. ಇಲ್ಲಾಂದ್ರೆ ಪೊಲೀಸ್ ಕರಿತೀನಿ.”

“ಕರಿ,” ಅಂದಳು ಅಂಜಲೆ.

ಅವಳು ಜಗಲಿ ಇಳಿದು ನೇರ ಗೇಟಿಗೆ ಬಂದಳು. ಹಿಂದೆಯೇ ಹತ್ತು ಹನ್ನೆರಡು ಜನ. ಪ್ಯೂನ್ ಕೋಲು ಎತ್ತಿದ. ಅಂಜಲೆ ಆ ಕೋಲು ಹಿಡಿದು ಪಕ್ಕಕ್ಕಿಟ್ಟಳು, ಮಕ್ಕಳ ಕೈಯಿಂದ ಕಡ್ಡಿ ತೆಗೆದುಕೊಳ್ಳುವ ಹಾಗೆ. ದಿನಾ ಹದಿನೆಂಟು ಕಿಲೋ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರ ಎದುರು ಅವನೇನು ಮಾಡಿಯಾನು. ಚಿಲಕ ತೆಗೆದಳು.

“ಮಲರು, ಇವರ ಪಾಠ ಎಷ್ಟೊತ್ಗೆ?”

“ಹತ್ತೂಮುಕ್ಕಾಲಿಗೆ.”

“ಈಗೆಷ್ಟಾತು?”

“ಹನ್ನೊಂದು ದಾಟಿತು ಅಕ್ಕಾ.”

“ಹಂಗಾರೆ ಆಗ್ಲೇ ತಡ ಆತು. ಬಾ.”

ಕೋಣೆಗೆ ಬೀಗ ಇತ್ತು. ಜಗಲಿಗೆ ಬೀಗ ಇರಲಿಲ್ಲ. ಪ್ರಿನ್ಸಿಪಾಲರ ಆಫೀಸಿನ ಎದುರೇ ಮಕ್ಕಳು ಸಾಲಾಗಿ ಕೂತರು. ಮಂಡಿ ಮಡಚಲು ಬಾರದವರು ಕಾಲು ನೀಡಿಕೊಂಡರು. ಅವರ ಹಿಂದೆ ತಾಯಂದಿರು ಕೂತರು. ಕೂಲಿ ಹೇಗೂ ಹೋಗಿತ್ತು, ಏಳುವ ಅವಸರ ಯಾರಿಗೂ ಇರಲಿಲ್ಲ. ಸುತ್ತಲಿನ ತರಗತಿಗಳ ಕಿಟಕಿಯಲ್ಲಿ ತಲೆಗಳು ತುಂಬಿದವು. ತಿಲ್ಲೈನಾದನ್ ಸರ್ ಒಳಗೆ ಫೋನಿನಲ್ಲಿ ಕೂಗುತ್ತಿದ್ದರು. ನನ್ನ ಬೆರಳು ಊದಿತ್ತು. ಸೀಮೆಸುಣ್ಣ ಇರಲಿಲ್ಲ. ಒಂದು ಇದ್ದಿಲು ತಂದು ಆಫೀಸಿನ ಬಿಳಿ ಗೋಡೆಯ ಮೇಲೆ ಬರೆದೆ: ನಾನೂರ ಎರಡು, ಅದರಲ್ಲಿ ನೂರ ಎಪ್ಪತ್ತೈದು ಕಳೆಯಬೇಕು.

ಸೊನ್ನೆಯಿಂದ ಕಡ ತರುವುದು ಕಷ್ಟದ ಲೆಕ್ಕ. ಮುನಿಯಾಂಡಿ ಎದ್ದು ಬಂದು ಗೋಡೆಯೆದುರು ನಿಂತ. ಅವನ ಮಂಡಿಯಿಂದ ರಕ್ತ ಒಸರುತ್ತಿತ್ತು. ಎರಡರಲ್ಲಿ ಐದು ಹೋಗುವುದಿಲ್ಲ ಅಂದ. ಪಕ್ಕದಲ್ಲಿ ಏನೂ ಇಲ್ಲ ಅಂದ. ಅದರ ಪಕ್ಕಕ್ಕೆ ಹೋಗು ಅಂದೆ. ಅವನು ಯೋಚಿಸುತ್ತಾ ನಿಂತಿರುವಾಗಲೇ ಪೊಲೀಸ್ ಜೀಪು ಗೇಟಿನೊಳಗೆ ಬಂತು. ಇಬ್ಬರು ಇಳಿದರು. ಹಿಂದೆ ಕೂತಿದ್ದ ಒಬ್ಬಳು ಏಳಲು ಹೋದಳು. ಅಂಜಲೆ ಅವಳ ಸೀರೆ ಹಿಡಿದು ಎಳೆದು ಕೂರಿಸಿದಳು.

“ಕೂತ್ಕಾ. ಹುಡ್ಗನ್ ಲೆಕ್ಕ ಮುಗೀಲಿ.”